ಬಾಯಿಗೆ ಬಂದ ಕ

ಮಗುವಿಗೆ ‘ಕ’ ಇರಲಿಲ್ಲ. ಅವಳ ಬಾಯಲ್ಲಿ ಕತ್ತೆ ತತ್ತೆ, ಕೋಳಿ ತೋಳಿ, ಕಿವಿ ತಿವಿ. ಅಪ್ಪನ ತಮ್ಮನನ್ನು ಕಾಕ ಎಂದು ಕರೆಯಬೇಕಾದವಳು ತಾತ ಎಂದು ಕರೆಯುತ್ತಿದ್ದಳು. ಆ ಕಾಕನಿಗೆ ಇಪ್ಪತ್ತಾರು ವರ್ಷ, ಮದುವೆಯಾಗಿರಲಿಲ್ಲ, ಒಂದೇ ಕುರ್ಚಿಯ ಕ್ಷೌರದಂಗಡಿ ಇಟ್ಟುಕೊಂಡಿದ್ದ. ಗಿರಾಕಿಗಳಿಗೆ ಅಷ್ಟು ಸಾಕಾಯಿತು. ಇಡೀ ಬೀದಿಗೆ ಅವನು ತಾತನಾದ.

“ತಾತಾ, ಹಲ್ಲೆಲ್ಲ ಗಟ್ಟಿಯಾಗಿದೆಯೇನೋ ಇನ್ನೂ?”

“ಗಟ್ಟಿಯಾಗಿದೆ. ನಿಮ್ಮ ಕಿವಿ ಈಗ ನನ್ನ ಕೈಲಿದೆ, ಅದನ್ನ ಮರೀಬೇಡಿ.”

ಅತ್ತಿಗೆ ಜ್ವರದಲ್ಲಿ ತೀರಿಕೊಂಡಾಗ ಮಗುವಿಗೆ ಎರಡು ವರ್ಷ. ಅಣ್ಣ ಲಾರಿ ಓಡಿಸುತ್ತಿದ್ದ. ಸ್ವಲ್ಪ ದಿನ ನೋಡ್ಕೊ ಎಂದು ತಂದು ಬಿಟ್ಟು ಹೋದ. ಸ್ವಲ್ಪ ದಿನ ವರ್ಷ ದಾಟಿತು. ಒಂದೊಂದು ಮೆಟ್ಟಿಲಿಗೆ ಒಂದೊಂದು ಕಾಲಿಟ್ಟು ಇಳಿಯುವುದನ್ನು ಅವಳು ಅಂಗಡಿಯ ಮುಂದೆಯೇ ಕಲಿತಳು. ಕನ್ನಡಿಗೆ ನೀರು ಚಿಮುಕಿಸಿ ಬೆರಳಲ್ಲಿ ಮನುಷ್ಯರನ್ನು ಬರೆದಳು. ಎಲ್ಲರಿಗೂ ತಲೆಯಿಂದಲೇ ಕಾಲು.

“ಹೊಟ್ಟೆ ಎಲ್ಲೇ ಇವರಿಗೆ?” ಎಂದ ತಾತ.

“ಮನೇಲಿ ಇತ್ತು ಬಂದಿದಾಲೆ.”

ಇಟ್ಟು ಬಂದಿದಾರೆ ಎಂದು ಅವನು ಗಿರಾಕಿಗೆ ತಿಳಿಸಿ ಹೇಳಿದ. ಅವಳ ಮಾತನ್ನು ಬೇರೆಯವರಿಗೆ ದಾಟಿಸುವುದೂ ಅವನ ಕಸುಬಾಗಿಬಿಟ್ಟಿತ್ತು.

ಅಣ್ಣ ಮತ್ತೆ ಮದುವೆಯಾದ. ಹೊಸ ಹೆಂಡತಿಯನ್ನು ಕರೆದುಕೊಂಡು ಮಗುವನ್ನು ನೋಡಲು ಬಂದ. ಮಗು ಅವಳ ಮಡಿಲೇರಿ ಬಹಳ ಹೊತ್ತು ಏನೇನೋ ಹೇಳಿತು. ಅವಳು ಹೂಂಗುಟ್ಟಿದಳು. ಆಮೇಲೆ ಬಾಗಿಲಾಚೆ ಹೋಗಿ ಗಂಡನಿಗೆ ಮೆಲ್ಲಗೆ ಹೇಳಿದ್ದು ಒಳಗೂ ಕೇಳಿಸಿತು.

“ಮಗು ಮಂದ ಇರಬೇಕು ರೀ. ನನ್ನ ಕೈಲಿ ಆಗುತ್ತಾ?”

ಅಣ್ಣ ಒಳಗೆ ಬಂದ. “ಇನ್ನೂ ಸ್ವಲ್ಪ ದಿನ ಇಲ್ಲೇ ಇರ್ಲಿ ಕಣೋ. ಮಾತು ಸರಿಯಾಗ್ಲಿ, ಕರ್ಕೊಂಡು ಹೋಗ್ತೀನಿ.”

ದಿನಾ ಗಡ್ಡ ಹೆರೆಸಲು ಬರುತ್ತಿದ್ದ ಮುದುಕನನ್ನು ಎಲ್ಲರೂ ಮೀಸೆ ಎನ್ನುತ್ತಿದ್ದರು. ಅವನಿಗೆ ಸುದ್ದಿ ಕೇಳಿ ಖುಷಿಯಾಯಿತು. “ಹಾಲು ಕುಡಿದಷ್ಟು ಸಂತೋಷ ಕಣೋ. ಕ ಬಂತೋ, ಮಗು ಹೋಯ್ತು. ತೆಪ್ಪಗಿರು.”

ತಾತ ತೆಪ್ಪಗಿದ್ದ. ಅಷ್ಟೇ ಅಲ್ಲ, ಅವಳ ಭಾಷೆಯನ್ನೇ ಆಡತೊಡಗಿದ. “ತೈ ತೊಳ್ತೋ, ತೂಸೇ,” ಎನ್ನುತ್ತಿದ್ದ. ಕೈ ತೊಳ್ಕೋ, ಕೂಸೇ. ಮಗು ನಗುತ್ತಿತ್ತು. ಅದು ತಪ್ಪೆಂದು ಅವನಿಗೆ ಗೊತ್ತಿತ್ತು.

ಶಿಶುವಿಹಾರಕ್ಕೆ ಸೇರಿಸಿ, ಹೊಸ ಬೂಟು ಕೊಡಿಸಿದ. ಮೊದಲ ವಾರದಲ್ಲೇ ಒಂದು ಸಂಜೆ ಅವಳು ಕುಂಟುತ್ತ ಹೊರಗೆ ಬಂದಳು. ಬಿಳಿ ಕಾಲುಚೀಲದ ಹಿಮ್ಮಡಿ ಕೆಂಪಾಗಿತ್ತು.

ಮಿಸ್ ಗಾಬರಿಯಾದಳು. “ಅಯ್ಯೋ, ಬೆಳಿಗ್ಗೆಯಿಂದ ‘ತಚ್ಚುತ್ತೆ, ತಚ್ಚುತ್ತೆ’ ಅಂತಿದ್ಲು. ಏನೋ ಆಟ ಅಂದ್ಕೊಂಡ್ವಿ. ಮಕ್ಕಳೆಲ್ಲ ಅದನ್ನೇ ಹಾಡು ಮಾಡ್ಕೊಂಡು ಕುಣಿದ್ರು.”

ಬೂಟು ಕಚ್ಚುತ್ತೆ ಎಂದು ಅವಳು ಇಡೀ ದಿನ ಹೇಳಿದ್ದಳು. ಅದು ಅರ್ಥವಾಗುವ ಮನುಷ್ಯ ಒಬ್ಬನೇ ಇದ್ದ, ಅವನು ಆಗ ಯಾರದೋ ಗಡ್ಡ ಬೋಳಿಸುತ್ತಿದ್ದ.

“ಗಂಟಲಲ್ಲಿ ನೀರಿಟ್ಟು ಮುಕ್ಕಳಿಸೋದು ಕಲಿಸಿ,” ಎಂದಳು ಮಿಸ್. “ನಾಲಿಗೆ ಹಿಂದಕ್ಕೆ ಹೋಗೋದು ಅಭ್ಯಾಸ ಆಗ್ಲಿ.”

ಮರುದಿನದಿಂದ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಅವಳನ್ನು ಮಲಗಿಸಿದ. ಗಂಟಲಲ್ಲಿ ಗುಟುಕು ನೀರು, ಗಳಗಳ. ಆಮೇಲೆ ಚಮಚದ ಹಿಡಿಯಿಂದ ನಾಲಿಗೆಯ ತುದಿ ಒತ್ತಿ, “ಕಾ ಅನ್ನು.”

“ತಾ.”

ಕುರ್ಚಿ ಬಿಟ್ಟುಕೊಟ್ಟ ಗಿರಾಕಿ ಮುಖದ ತುಂಬ ನೊರೆಯೊಂದಿಗೆ ಬೆಂಚಿನ ಮೇಲೆ ಕೂತು “ಕಾ” ಎಂದ. ಪಕ್ಕದವರೂ ಸೇರಿಕೊಂಡರು.

“ಏನ್ರೋ, ಕಾಗೆಗಳ ಸಭೆನಾ?” ಎಂದು ಬೀದಿಯಿಂದ ಯಾರೋ ಕೂಗಿದರು.

ಮೀಸೆ ಒಬ್ಬ ‘ಕಾ’ ಎನ್ನಲಿಲ್ಲ. “ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೊಳ್ತಿದ್ದೀಯ,” ಎಂದ.

“ಅವಳ ಕಾಲಲ್ಲಿ ರಕ್ತ ಬಂತಲ್ಲ ಮಾವ.”

ಬಹಳ ವಾರ ಏನೂ ಆಗಲಿಲ್ಲ. ಒಂದು ಮಧ್ಯಾಹ್ನ ಅವನು ಕೈ ಚಾಚಿ ಏನೋ ಹುಡುಕುತ್ತಿದ್ದಾಗ ಅವಳು ಬೆಂಚಿನಿಂದ, “ಕತ್ತಲಿ ಅಲ್ಲಿದೆ,” ಎಂದಳು. ರ ಇನ್ನೂ ಬಂದಿರಲಿಲ್ಲ. ಕ ಬಂದಿತ್ತು. ಬಂದದ್ದು ಎಲ್ಲೆಂದರಲ್ಲಿ ನುಗ್ಗಿತು. ತಲೆ ಕಲೆಯಾಯಿತು, ತಟ್ಟೆ ಕಟ್ಟೆಯಾಯಿತು, ವಯಸ್ಸಿನಿಂದಲೇ ತಾತನಾಗಿದ್ದ ಮೀಸೆ ಕಾಕನಾದ. ಕೆಲವು ದಿನಗಳಲ್ಲಿ ಎಲ್ಲ ತಂತಮ್ಮ ಜಾಗಕ್ಕೆ ಬಂದವು. ಅವನೂ ಕಾಕನಾದ.

ಅಣ್ಣನಿಗೆ ತಾನೇ ಫೋನ್ ಮಾಡಿದ. ಫೋನನ್ನು ಮಗುವಿನ ಕೈಗೆ ಕೊಟ್ಟ. ಅದು ಹೊಸ ಅಮ್ಮನಿಗೆ ಕೋಳಿಯ ಕತೆ ಹೇಳಿತು. ಆ ಕಡೆಯಿಂದ ನಗು ಕೇಳಿಸಿತು.

ಅವರು ಭಾನುವಾರ ಬಂದರು. ಹೊಸ ಅತ್ತಿಗೆ ಒಳ್ಳೆಯವಳು, ಮಗುವಿಗೆ ಮೆತ್ತನೆಯ ಚಪ್ಪಲಿ ತಂದಿದ್ದಳು. “ಎಷ್ಟು ಮುದ್ದಾಗಿ ಮಾತಾಡ್ತಾಳೆ! ನಾನೇ ಏನೇನೋ ಅಂದ್ಕೊಂಡಿದ್ದೆ,” ಎಂದಳು. ಮಗು ಲಾರಿ ಹತ್ತುವಾಗ, “ಕಾಕ, ನೀನು ಮುಂದೆ ಕೂತ್ಕೋ,” ಎಂದಿತು. ಅವನು ಅಂಗಡಿ ತೆರೆಯಬೇಕು ಎಂದ. ಭಾನುವಾರ ಗಿರಾಕಿ ಹೆಚ್ಚು, ಅದು ಸುಳ್ಳೂ ಅಲ್ಲ.

ಮೊದಮೊದಲು ಫೋನ್ ಬರುತ್ತಿತ್ತು. ಆಮೇಲೆ ಅವಳಿಗೆ ಆಟ, ಶಾಲೆ. ಅಣ್ಣ ದೂರದ ಊರಿಗೆ ಮನೆ ಬದಲಿಸಿದ.

ಅಪ್ಪನ ಜೊತೆ ಮತ್ತೆ ಬಂದಾಗ ಅವಳಿಗೆ ಏಳು ವರ್ಷ. ಮುಂದಿನ ಹಲ್ಲು ಬಿದ್ದಿತ್ತು. ಕೂದಲು ಕತ್ತರಿಸಿಕೊಳ್ಳಲು ಕುರ್ಚಿಯಲ್ಲಿ ನೆಟ್ಟಗೆ ಕೂತಳು.

“ಚೆನ್ನಾಗಿದ್ದೀರಾ ಕಾಕ?” ಎಂದಳು. ಕ ಸ್ಪಷ್ಟವಾಗಿತ್ತು. ರ ಕೂಡ.

“ನನ್ನನ್ನ ‘ನೀವು’ ಅಂತೀಯಲ್ಲೇ! ಈ ಕುರ್ಚಿಲಿ ಮಲಗಿ ಗಳಗಳ ಅಂತಿದ್ದೆ, ನೆನಪಿದೆಯಾ?”

ಅವಳು ಕನ್ನಡಿಯಲ್ಲಿ ಅಪ್ಪನ ಮುಖ ನೋಡಿದಳು. ಅಪ್ಪ, “ಇಲ್ಲೇ ಇದ್ದೆಯಲ್ಲೇ ನೀನು,” ಎಂದ.

“ಹೌದಂತೆ,” ಎಂದಳು ಅವಳು ವಿನಯದಿಂದ. “ಅಮ್ಮ ಹೇಳಿದಾರೆ. ಹಿಂದುಗಡೆ ಜಾಸ್ತಿ ಕತ್ತರಿಸಬೇಡಿ.”

ಅವನು ಜಾಸ್ತಿ ಕತ್ತರಿಸಲಿಲ್ಲ. ಕುತ್ತಿಗೆಯ ಕೂದಲನ್ನು ಬ್ರಷ್ಷಿನಿಂದ ಒರೆಸಿ ಬಟ್ಟೆ ಬಿಚ್ಚಿ ಕೊಡವಿದ.

ಅವಳು ಅವನ ಬಳಿ ಇದ್ದದ್ದು ಎರಡು ವರ್ಷ ಮೂರು ತಿಂಗಳು. ಅದರಲ್ಲಿ ಅವಳಿಗೆ ನೆನಪಿದ್ದದ್ದು ಒಂದು ದಿನವೂ ಇಲ್ಲ.