ನೊರೆ ಬರದ ಟ್ಯೂಬು

ಮಾಮನ ಸ್ಟುಡಿಯೋಗೆ ಗಿರಾಕಿ ಕಾಲಿಟ್ಟ ಕೂಡಲೇ ಕೇಳಬೇಕಾದ ಪ್ರಶ್ನೆ ಒಂದೇ: "ಯಾವುದಕ್ಕೆ ಫೋಟೋ?" ಗೋಡೆಗೆ ಹಾಕೋದಕ್ಕೆ, ನೆಂಟರಿಗೆ ಕಳಿಸೋದಕ್ಕೆ ಅಂದರೆ ಬ್ರಷ್ಷು ಆಡಿಸಬಹುದು. ಪಾಸ್‌ಪೋರ್ಟು, ವೀಸಾ ಅಂದರೆ ಮುಟ್ಟುವ ಹಾಗಿಲ್ಲ. ಮುಖ ಹೇಗಿದೆಯೋ ಹಾಗೇ ಹೋಗಬೇಕು.

ಬ್ರಷ್ಷು ಅಂದರೆ ನಿಜವಾದ ಬ್ರಷ್ಷಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಓಡಾಡುವ ಒಂದು ಸಣ್ಣ ಉಂಗುರ. ಮೊಡವೆಯ ಮೇಲಿಟ್ಟು ಒತ್ತಿದರೆ ಪಕ್ಕದ ಚರ್ಮ ಬಂದು ಅಲ್ಲಿ ಕೂರುತ್ತದೆ, ಮೊಡವೆ ಇತ್ತು ಅನ್ನುವ ಗುರುತೂ ಉಳಿಯುವುದಿಲ್ಲ. ಈ ಕೆಲಸದಲ್ಲಿ, ಸ್ಟುಡಿಯೋದ ಕಂಪ್ಯೂಟರಿಗೆ ಕೂರುವ ಮಾಮನ ಅಕ್ಕನ ಮಗಳದು ಎತ್ತಿದ ಕೈ. ಮಾಮ ಅವಳನ್ನು ಕರೆಯುತ್ತಿದ್ದದ್ದೇ ಬ್ರಷ್ಷಮ್ಮ ಅಂತ. ಪೇಟೆಯವರ ಮೊಡವೆಯನ್ನೆಲ್ಲ ಅಳಿಸಿ ಕಳಿಸುವವಳ ಮುಖದಲ್ಲಿ ಮಾತ್ರ ಅವು ಠಿಕಾಣಿ ಹೂಡಿಬಿಟ್ಟಿದ್ದವು. ಹಣೆ ತುಂಬ ಸಣ್ಣವು, ಕೆನ್ನೆಯಲ್ಲಿ ಕೆಂಪಗೆ ಊದಿಕೊಂಡವು, ಗಲ್ಲದಲ್ಲಿ ಒಂದು ಹೋಗುವ ಮೊದಲೇ ಇನ್ನೊಂದು. ಸ್ಟುಡಿಯೋದಲ್ಲಿ ಬೆಳಗಿನಿಂದ ಸಂಜೆವರೆಗೂ ಮಾಸ್ಕ್ ಹಾಕಿಕೊಂಡೇ ಇರುತ್ತಿದ್ದಳು. ಕೇಳಿದವರಿಗೆ ಧೂಳಿನ ಅಲರ್ಜಿ ಅನ್ನುತ್ತಿದ್ದಳು.

ಮನೆಯಲ್ಲಿ ಮುಖ ತೊಳೆಯುವುದೇ ಒಂದು ಯುದ್ಧ. ಕೈಗೆ ಸಿಕ್ಕ ಸೋಪು, ಕಾಳುಕಾಳಾಗಿರುವ ಸ್ಕ್ರಬ್ಬು, ನಿಂಬೆರಸ, ಯಾರೋ ಹೇಳಿದರು ಅಂತ ಹಲ್ಲುಜ್ಜುವ ಪೇಸ್ಟು. ಬಚ್ಚಲ ಬಾಗಿಲಾಚೆ ನಿಂತು ಅಮ್ಮ ಕೂಗುತ್ತಿದ್ದಳು: "ಸಾಕು ಬಾರೇ! ಅದು ಮುಖ ಕಣೇ, ಸೀದ ಪಾತ್ರೆ ಅಲ್ಲ!"

ಸ್ಟುಡಿಯೋದ ಎದುರಿಗೇ ಔಷಧಿ ಅಂಗಡಿ. ಅಲ್ಲಿ ಕೆಲಸಕ್ಕಿದ್ದವನನ್ನು ಮಾಮ "ಅರ್ಧ ಡಾಕ್ಟರು" ಅನ್ನುತ್ತಿದ್ದ. ಬಂದವರ ಕಷ್ಟವನ್ನು ಪೂರ್ತಿ ಕೇಳಿ, ಆಮೇಲೆ "ಇದಕ್ಕೆ ನನ್ನ ಹತ್ರ ಏನೂ ಇಲ್ಲ, ಡಾಕ್ಟ್ರ ಹತ್ರ ಹೋಗಿ" ಅಂತ ವಾಪಸ್ಸು ಕಳಿಸುವ ವಿಚಿತ್ರ ವ್ಯಾಪಾರ ಅವನದು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದ್ದು ನೋಡಿಕೊಂಡು ಅವಳು ರಸ್ತೆ ದಾಟಿದಳು.

"ಮೊಡವೆಗೆ ಮುಖ ತೊಳೆಯೋದು ಕೊಡಿ. ಇರೋದ್ರಲ್ಲೇ ಸ್ಟ್ರಾಂಗ್ ಆಗಿರೋದು."

"ಮುಖಕ್ಕಾ, ಬಚ್ಚಲಿಗಾ?"

ಅವಳು ತಿರುಗಿ ಹೊರಡುವುದರಲ್ಲಿದ್ದಳು.

"ರೀ, ನಿಲ್ಲಿ, ತಮಾಷೆ ಮಾಡಿದೆ. ಮಾಸ್ಕ್ ತೆಗೀರಿ, ನೋಡೋಣ."

"ತೆಗೆಯಲ್ಲ."

"ಸರಿ, ಬೇಡ. ಕೇಳಿದ್ದಕ್ಕಾದ್ರೂ ಹೇಳಿ. ತೊಳೆದ ಮೇಲೆ ಮುಖ ಬಿಗಿದು ಎಳೆದ ಹಾಗಾಗತ್ತಾ?"

"ಆಗತ್ತೆ. ಹಾಗಾದ್ರೆ ತಾನೇ ಕ್ಲೀನ್ ಆಗಿದೆ ಅಂತ?"

"ಅಲ್ಲ. ಅದು ಚರ್ಮ ನಿಮ್ಮನ್ನ ಬೈತಾ ಇರೋದು."

ಅವನು ಮೂರು ಟ್ಯೂಬು ತೆಗೆದು ಸಾಲಾಗಿ ನಿಲ್ಲಿಸಿದ. ಒಂದು ಬುರುಬುರು ನೊರೆ ಬರುವಂಥದ್ದು. ಅದನ್ನು ಹಿಂದಕ್ಕಿಟ್ಟ. "ಇದು ಇರೋ ಬರೋ ಎಣ್ಣೆನೆಲ್ಲ ಎಳ್ಕೊಂಡು ಹೋಗತ್ತೆ. ಒಣಗಿದ ಚರ್ಮ ಇನ್ನಷ್ಟು ಉರಿಯತ್ತೆ." ಎರಡನೆಯದಕ್ಕೆ ಹೂವಿನ ವಾಸನೆ, ಒಳಗೆ ನೀಲಿ ಕಾಳುಗಳು. "ಇದು ಮೂಗಿಗೆ ಚೆನ್ನಾಗಿರತ್ತೆ, ಮುಖಕ್ಕಲ್ಲ." ಮೂರನೆಯದು ಬಿಳಿ ಟ್ಯೂಬು, ಮೇಲೆ ಒಂದು ಚಿತ್ರವೂ ಇಲ್ಲ. "ವಾಸನೆ ಇಲ್ಲ, ನೊರೆ ಇಲ್ಲ. ಚರ್ಮದ ರಂಧ್ರ ಮುಚ್ಚಲ್ಲ ಅಂತ ಇಲ್ಲಿ ಬರೆದಿದೆ ನೋಡಿ, ಅದು ಮುಖ್ಯ. ಮೊಡವೆಗೇ ಅಂತ ಆಸಿಡ್ ಸೇರಿಸಿರೋದೂ ಬರತ್ತೆ. ಅದು ಆಮೇಲೆ ನೋಡೋಣ. ಮೊದಲು ಉರಿ ಆರಲಿ."

"ಇದರಿಂದ ಏನಾಗತ್ತೆ? ನೀರಿದ್ದ ಹಾಗಿದೆ."

"ಏನೂ ಆಗಲ್ಲ. ಅದೇ ಇದರ ಒಳ್ಳೆ ಗುಣ. ಬೆಳಿಗ್ಗೆ ಒಂದ್ಸಲ, ರಾತ್ರಿ ಒಂದ್ಸಲ, ಉಗುರುಬೆಚ್ಚನೆ ನೀರು, ಬರೀ ಬೆರಳು. ತಿಕ್ಕಬೇಡಿ. ಟವೆಲ್ಲಲ್ಲಿ ಒತ್ತಿ ಒರೆಸಿ, ಉಜ್ಜಬೇಡಿ. ಎರಡು ಮೂರು ತಿಂಗಳು ಕಾಯಿರಿ. ಆಗಲೂ ಸರಿ ಹೋಗದಿದ್ರೆ ಚರ್ಮದ ಡಾಕ್ಟ್ರು."

"ಮೂರು ತಿಂಗಳಾ!"

"ಅವಸರ ಮಾಡಿದವರ ಮುಖ ಹೇಗಿರತ್ತೆ ಅಂತ ನೋಡ್ಬೇಕಾ?" ಅವನು ಕೌಂಟರಿನ ಮೇಲೆ ಬಾಗಿ ಕೆನ್ನೆ ತೋರಿಸಿದ. ಎರಡೂ ಕಡೆ ಸಣ್ಣಸಣ್ಣ ಗುಳಿ. "ಹೈಸ್ಕೂಲಲ್ಲಿ ಚಿವುಟಿದ್ದು, ತಿಕ್ಕಿದ್ದು. ಬಾಗಿಲು ಹಾಕ್ಕೊಂಡು ದಿನಾ ಒಂದು ಗಂಟೆ. ಮೊಡವೆ ಹೋಯ್ತು, ಇವು ಉಳಿದ್ವು."

ಅವನು ಅದನ್ನು ಹೇಳಿದ ರೀತಿಗೆ ಅವಳು ಬೆರಗಾದಳು. ಜನ ಅವಳ ಮುಖದ ಬಗ್ಗೆ ಮಾತಾಡುವಾಗ ಒಂದೋ ದನಿ ತಗ್ಗಿಸುತ್ತಿದ್ದರು, ಇಲ್ಲವೇ ಬುದ್ಧಿ ಹೇಳುತ್ತಿದ್ದರು. ಇವನು ಕಾಲು ಉಳುಕಿದ ವಿಷಯ ಹೇಳಿದ ಹಾಗೆ ಹೇಳಿದ್ದ. ಆ ಗುಳಿಗಳಲ್ಲಿ ಟ್ಯೂಬ್‌ಲೈಟಿನ ನೆರಳು ನಿಂತಿತ್ತು. ಬಿಳಿ ಟ್ಯೂಬು ಹಿಡಿದು ರಸ್ತೆ ದಾಟಿ ಬಂದು ಕುರ್ಚಿಯಲ್ಲಿ ಕೂತ ಮೇಲೂ ಆ ನೆರಳೇ ಕಣ್ಣಿಗೆ ಕಟ್ಟಿತ್ತು.

ಅವತ್ತಿನಿಂದ ಅವಳಿಗೆ ಒಂದೇ ಆಸೆ. ಮುಖ ತಿಳಿಯಾಗಬೇಕು, ಮಾಸ್ಕ್ ಇಲ್ಲದೆ ರಸ್ತೆ ದಾಟಬೇಕು, ಅವನು ತಲೆ ಎತ್ತಿ ನೋಡಬೇಕು. ಮೊಡವೆ ನೋಡುವುದಲ್ಲ, ಅವಳನ್ನು ನೋಡಬೇಕು. ಅಷ್ಟೇ. ಆಮೇಲೆ ಏನು ಅಂತ ಅವಳು ಯೋಚಿಸಿರಲಿಲ್ಲ. ಬಚ್ಚಲಲ್ಲಿ ಸದ್ದಿಲ್ಲದ್ದು ನೋಡಿ ಅಮ್ಮ ಬಾಗಿಲು ಬಡಿದಳು: "ಬದುಕಿದ್ದೀಯೇನೇ?"

ಮೊದಮೊದಲು ಏನೂ ಆಗಲಿಲ್ಲ. ಉರಿ ಮಾತ್ರ ಇಳಿಯಿತು. ಹೀಗಿರುವಾಗ ಒಂದು ದಿನ ಅವನೇ ಸ್ಟುಡಿಯೋಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಒದ್ದೆ ಮಾಡಿ ಬಾಚಿದ ಕೂದಲು.

"ಏನು ಅರ್ಧ ಡಾಕ್ಟ್ರು ಮದುಮಗನ ಥರ ಬಂದಿದ್ದಾರೆ!" ಅಂದ ಮಾಮ.

"ಮದುವೆ ಇಲ್ಲ ಮಾರಾಯ್ರೇ, ಕೆಲಸ ಸಿಕ್ಕಿದೆ. ಹೊರದೇಶದಲ್ಲಿ, ದೊಡ್ಡ ಆಸ್ಪತ್ರೆ ಔಷಧಿ ವಿಭಾಗ. ವೀಸಾಕ್ಕೆ ಫೋಟೋ ಬೇಕು."

ಯಾವುದಕ್ಕೆ ಅಂತ ಕೇಳುವ ಮೊದಲೇ ಅವನು ಹೇಳಿದ್ದ. ಅವಳ ಕಿವಿಗೆ ಬಿದ್ದದ್ದು ಮಾತ್ರ ಹೊರದೇಶ ಅನ್ನುವುದೊಂದೇ. ಮಾಮ ಫೋಟೋ ತೆಗೆದು, ಇನ್ನೊಬ್ಬ ಗಿರಾಕಿಯ ಮನೆಗೆ ಕ್ಯಾಮೆರಾ ಎತ್ತಿಕೊಂಡು ಹೋದ. ಅವಳು ಪರದೆಯ ತುಂಬ ಅವನ ಮುಖ ಹರಡಿಕೊಂಡು ಕೂತಳು. ಹತ್ತಿರದಿಂದ ಅಷ್ಟು ಹೊತ್ತು ಆ ಮುಖ ನೋಡುವ ಅವಕಾಶ ಇನ್ನೆಲ್ಲಿ ಸಿಕ್ಕೀತು? ಹುಬ್ಬಿನ ತುದಿ, ಕಿವಿಯ ಪಕ್ಕ ಬ್ಲೇಡು ತಪ್ಪಿದ ಜಾಗ, ಕೆನ್ನೆಯ ಗುಳಿಗಳು. ಅವನಿಗೆ ಏನಾದರೂ ಕೊಡಬೇಕು ಅನಿಸಿತು. ಅವಳ ಹತ್ತಿರ ಕೊಡುವುದಕ್ಕಿದ್ದದ್ದು ಒಂದೇ ವಿದ್ಯೆ. ಉಂಗುರ ಒಂದೊಂದೇ ಗುಳಿಯ ಮೇಲೆ ಹೋಗಿ ಕೂತಿತು. ಅಷ್ಟು ಚೊಕ್ಕವಾಗಿ ಅವಳು ಯಾರ ಮುಖವನ್ನೂ ಮಾಡಿರಲಿಲ್ಲ. ಅವನು ಪಾಕೀಟು ತೆಗೆದುಕೊಂಡು, ಬಿಚ್ಚಿಯೂ ನೋಡದೆ ಹೋದ.

ಕೆಲವು ವಾರ ಕಳೆದ ಮೇಲೆ ಅವನ ಅರ್ಜಿ ವಾಪಸ್ಸು ಬಂತು. ಪಾಸ್‌ಪೋರ್ಟಿನ ಹಳೇ ಫೋಟೋದ ಮುಖಕ್ಕೂ ಹೊಸದಕ್ಕೂ ತಾಳೆಯಾಗುವುದಿಲ್ಲ, ಹೊಸ ಫೋಟೋ ಇಟ್ಟು ಮತ್ತೆ ಸರದಿ ಹಿಡಿಯಿರಿ ಅಂತ. ಮುಂದಿನ ಸರದಿ ತಿಂಗಳಾಚೆ. ಮಾಮ ಪರದೆ ನೋಡಿ ತಲೆ ಚಚ್ಚಿಕೊಂಡ.

"ವೀಸಾ ಫೋಟೋಕ್ಕೆ ಬ್ರಷ್ಷು ಹಾಕಿದ್ದೀಯಲ್ಲೇ! ಮೈಮೇಲೆ ಎಚ್ಚರ ಇತ್ತಾ? ಅವನು ಏನು ಗೋಡೆಗೆ ತಗಲಿಹಾಕ್ಕೋತೀನಿ ಅಂದಿದ್ನಾ?"

ಅವಳು ತಲೆ ತಗ್ಗಿಸಿ ಬೈಸಿಕೊಂಡಳು. ಹೊಟ್ಟೆಯೊಳಗೆ ಮಾತ್ರ ಸಂತೋಷ. ಇನ್ನೊಂದು ತಿಂಗಳು! ಅಷ್ಟರಲ್ಲಿ ಹಣೆಯಲ್ಲಿದ್ದವು ಒಣಗಲು ಶುರುವಾಗಿದ್ದವು. ಕೆನ್ನೆಯ ಕೆಂಪು ಇಳಿದಿತ್ತು. ಗಲ್ಲಕ್ಕೂ ಇನ್ನೊಂದಿಷ್ಟು ಕಾಲ ಸಿಕ್ಕಿಬಿಟ್ಟರೆ? ಒಬ್ಬನ ಕೆಲಸಕ್ಕೆ ಕಲ್ಲು ಹಾಕಿ ಖುಷಿಪಡುತ್ತಿದ್ದೇನೆ ಅಂತ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಖುಷಿ ಇಳಿಯಲಿಲ್ಲ.

ಆ ತಿಂಗಳು ದಿನಾ ಅವನು ಶಟರ್ ಎಳೆಯುವ ಸದ್ದಿಗೆ ಕಿವಿಗೊಟ್ಟಳು. ಗಾಜಿನಾಚೆ ಅವನು ಏಣಿ ಹತ್ತಿ ಡಬ್ಬ ತೆಗೆಯುವುದು, ಮುದುಕಿಯೊಬ್ಬಳಿಗೆ ಯಾವ ಮಾತ್ರೆ ಊಟಕ್ಕೆ ಮುಂಚೆ ಅಂತ ಬೆರಳು ಮಡಚಿ ತೋರಿಸುವುದು, ಯಾರೂ ಇಲ್ಲದಾಗ ಆಕಳಿಸುವುದು ಎಲ್ಲ ಅವಳ ಪಾಲಿಗೆ ಬಂತು. ಒಮ್ಮೆ ಎರಡನೇ ಟ್ಯೂಬು ತರಲು ಹೋದಾಗ, ಬೇಗ ಆಗುವ ಹಾಗೆ ಇನ್ನೇನಾದರೂ ಸೇರಿಸಬಹುದಾ ಅಂತ ಕೇಳಿದಳು.

"ಸರಿ ಹೋಗ್ತಾ ಇದೆ ತಾನೇ? ಹಾಗಾದ್ರೆ ಕೆಣಕಬೇಡಿ," ಅಂದ. ಫೋಟೋದ ಮಾತೇ ಎತ್ತಲಿಲ್ಲ. ನಗಲೂ ಇಲ್ಲ.

ಸರದಿ ಹತ್ತಿರ ಬಂದಾಗ ಮತ್ತೆ ಫೋಟೋಕ್ಕೆ ಬಂದ. ಮಾಮ ಕ್ಲಿಕ್ಕಿಸಿ, "ಈ ಸಲ ಬ್ರಷ್ಷು ಮುಟ್ಟಿದ್ರೆ ಕೈ ಮುರೀತೀನಿ" ಅಂತ ಅವಳಿಗೆ ಹೇಳಿ ಊಟಕ್ಕೆ ಹೋದ. ಅವನು ಸ್ಟೂಲಿನ ಮೇಲೇ ಕೂತಿದ್ದ. ದೀಪಗಳು ಇನ್ನೂ ಉರಿಯುತ್ತಿದ್ದವು.

"ಒಂದು ಕೇಳ್ಲಾ? ಬೇಜಾರು ಮಾಡ್ಕೋಬೇಡಿ," ಅಂದ. "ಅವತ್ತು ಯಾಕೆ ಅಳಿಸಿದ್ರಿ? ಅಷ್ಟು ಅಸಹ್ಯ ಅನಿಸ್ತಾ?"

ಉಡುಗೊರೆ ಅಂದುಕೊಂಡು ಕೊಟ್ಟದ್ದು ಅವನ ಕೈಗೆ ಹೋಗಿ ಏನಾಗಿತ್ತು ಅಂತ ಅವಳಿಗೆ ಈಗ ತಿಳಿಯಿತು. ಹೈಸ್ಕೂಲಿನಲ್ಲಿ ಅವನ ಮುಖ ನೋಡಿ ಯಾರ್‍ಯಾರೋ ಹೇಳಿದ್ದನ್ನೇ ಅವಳೂ ಹೇಳಿದ್ದಳು, ಇನ್ನೂ ಚೊಕ್ಕವಾಗಿ. ಇಲ್ಲ, ಅವು ನನಗೆ ಇಷ್ಟ, ನಿಮ್ಮ ಮುಖದಲ್ಲಿ ಮೊದಲು ನೋಡಿದ್ದೇ ಅವನ್ನ, ಅಂತ ಹೇಳಬೇಕಿತ್ತು. ಬಾಯಿಗೆ ಬಂದದ್ದು ಬೇರೆ.

"ಕೈ ಅಭ್ಯಾಸ," ಅಂದಳು.

"ಹಂ. ನಾನೂ ಹಾಗೇ ಅಂದ್ಕೊಂಡೆ," ಅಂದ ಅವನು. ಅಂದುಕೊಂಡಿರಲಿಲ್ಲ ಅಂತ ದನಿಯಲ್ಲೇ ಗೊತ್ತಾಯಿತು.

ಅವಳು ಪರದೆಯ ಕಡೆ ತಿರುಗಿ ಎಡಗೆನ್ನೆಯನ್ನು ದೊಡ್ಡದು ಮಾಡಿದಳು. ಉಂಗುರ ಬಂದು ಒಂದು ಗುಳಿಯ ಅಂಚಿಗೆ ನಿಂತಿತು. ಎಲ್ಲ ಬೇಡ. ನಾಲ್ಕೈದು ಸವರಿದರೂ ಸಾಕು. ಮಾಮನಿಗೂ ಕಾಣಿಸುವುದಿಲ್ಲ, ಇವನಿಗೂ ಕಾಣಿಸುವುದಿಲ್ಲ, ವೀಸಾ ಕಚೇರಿಯ ಯಂತ್ರಕ್ಕೆ ಮಾತ್ರ ಕಾಣಿಸುತ್ತದೆ. ಮತ್ತೆ ವಾಪಸ್ಸು, ಮತ್ತೆ ಸರದಿ. ಅಷ್ಟರಲ್ಲಿ ಗಲ್ಲವೂ ತಿಳಿಯಾಗಿರುತ್ತದೆ. ಒಂದೇ ಒಂದು ದಿನ ಸಾಕಿತ್ತು ಅವಳಿಗೆ, ಮಾಸ್ಕ್ ಇಲ್ಲದೆ ರಸ್ತೆ ದಾಟುವ ಒಂದು ಬೆಳಿಗ್ಗೆ. ಅವಳ ಹಿಂದೆ ಸ್ಟೂಲು ಕಿರುಗುಟ್ಟಿತು. ಅವನು ಕೆನ್ನೆ ಮುಟ್ಟಿಕೊಳ್ಳುತ್ತಿದ್ದದ್ದು ಪರದೆಯ ಗಾಜಿನಲ್ಲಿ ಮಸುಕಾಗಿ ಕಂಡಿತು.

ಮಾಡಿದರೆ ಅವನಿಗೆ ಮತ್ತೆ ಅದನ್ನೇ ಹೇಳಿದ ಹಾಗಾಗುತ್ತದೆ. ಬೆರಳು ಎತ್ತಿದಳು. ಉಂಗುರವನ್ನು ತೆಗೆದೇ ಹಾಕಿದಳು. ಪ್ರಿಂಟು ಒತ್ತಿದಳು.

ಫೋಟೋ ಹೊರಬಂತು. ಅವನು ಬಿಸಿಬಿಸಿ ಹಾಳೆಯನ್ನು ದೀಪಕ್ಕೆ ಹಿಡಿದು ನೋಡಿದ. "ಹಾಂ. ಈ ಮನುಷ್ಯ ನನಗೆ ಗೊತ್ತು."

ಆಗ ಅವಳು ಮಾಸ್ಕ್ ತೆಗೆದಳು. ಯಾಕೆ ಅಂತ ಯೋಚಿಸಿರಲಿಲ್ಲ. ಯೋಚಿಸಿದ್ದರೆ ತೆಗೆಯುತ್ತಿರಲಿಲ್ಲ. ಗಲ್ಲದಲ್ಲಿ ಎರಡು ಕೆಂಪಗೆ ಊದಿಕೊಂಡಿದ್ದವು, ಕೆನ್ನೆಯಲ್ಲಿ ಕಂದು ಕಲೆ. ಸ್ಟುಡಿಯೋದ ದೀಪಗಳು ಯಾರಿಗೂ ದಾಕ್ಷಿಣ್ಯ ತೋರಿಸುವಂಥವಲ್ಲ.

ಅವನು ನೋಡಿದ. ಸ್ವಲ್ಪ ಹೊತ್ತು, ಅವಸರವಿಲ್ಲದೆ.

"ಹಣೆ ಪೂರ್ತಿ ಆಗಿದೆ," ಅಂದ. "ಗಲ್ಲ ಇನ್ನೂ ಟೈಮ್ ಕೇಳ್ತಾ ಇದೆ. ಬದಲಾಯಿಸಬೇಡಿ, ಅದೇ ಹಚ್ಚಿ."

"ಹೂಂ."

"ನಿಮಗೆ ಇಲ್ಲಿ ಮಚ್ಚೆ ಇದೆ," ಅಂದ ತನ್ನ ತುಟಿಯ ಪಕ್ಕ ಬೆರಳಿಟ್ಟು. "ಮಾಸ್ಕಲ್ಲಿ ಗೊತ್ತೇ ಆಗ್ತಿರಲಿಲ್ಲ."

ಇನ್ನೇನೋ ಹೇಳುವವನಿದ್ದ. ರಸ್ತೆಯಾಚೆ ಯಾರೋ ಕೌಂಟರು ಬಡಿದು ಕರೆದರು. "ಬಂದೆ ಬಂದೆ" ಅನ್ನುತ್ತ ಓಡಿದ.

ಈ ಸಲ ಅರ್ಜಿ ವಾಪಸ್ಸು ಬರಲಿಲ್ಲ. ಅವನು ಹೊರಟ ದಿನ ಅವಳು ಬ್ಯಾಂಕಿನ ಕೆಲಸಕ್ಕೆ ಹೋಗಿದ್ದಳು. "ಅರ್ಧ ಡಾಕ್ಟ್ರು ಬಂದಿದ್ರು, ನಿನಗೂ ಹೇಳು ಅಂದ್ರು" ಅಂದ ಮಾಮ. ಏನು ಹೇಳು ಅಂದರು ಅಂತ ಕೇಳಿದ್ದಕ್ಕೆ, "ಹೋಗ್ಬರ್ತೀನಿ ಅಂತ. ಇನ್ನೇನು, ಆಸ್ತಿ ಬರೆದುಕೊಡ್ತಾರಾ?" ಅಂದ.

ಗಲ್ಲ ತಿಳಿಯಾದದ್ದು ಅದಾಗಿ ಎಷ್ಟೋ ಕಾಲಕ್ಕೆ. ಒಂದು ಬೆಳಿಗ್ಗೆ ಮುಖ ಒತ್ತಿ ಒರೆಸಿಕೊಂಡು ಕನ್ನಡಿ ನೋಡಿದರೆ ಹೊಸದೇನೂ ಇರಲಿಲ್ಲ, ಕಲೆಗಳೂ ಮಾಸಿದ್ದವು. ಅಮ್ಮ, "ಪರವಾಗಿಲ್ವೇ, ಪಾತ್ರೆ ಬೆಳಗಿತು" ಅಂದಳು. ಟ್ಯೂಬು ಮುಗಿದಿತ್ತು. ಕತ್ತರಿಯಿಂದ ಸೀಳಿ, ಒಳಗೆ ಅಂಟಿದ್ದನ್ನು ಬೆರಳಲ್ಲಿ ಸವರಿ ತೆಗೆದು ಇನ್ನೆರಡು ದಿನ ನೂಕಿದಳು. ಹೊಸದು ತರಬೇಕಾದರೆ ಆ ಅಂಗಡಿಗೇ ಹೋಗಬೇಕು, ಅಲ್ಲಿ ಈಗ ಕೂರುವವನು ಬೇರೆ. ಮಾಸ್ಕ್ ಇಲ್ಲದೆ ರಸ್ತೆ ದಾಟಿದಳು. ಹೊಸಬ ಮೊಬೈಲಿನಿಂದ ತಲೆ ಎತ್ತದೆ ಟ್ಯೂಬು ಕೊಟ್ಟ.

ಮಧ್ಯಾಹ್ನ ಮಾಮ ಊಟಕ್ಕೆ ಹೋದಾಗ ದೀಪ ಹಾಕಿ ಸ್ಟೂಲಿನ ಮೇಲೆ ಕೂತಳು. ಬೆನ್ನು ನೇರ ಮಾಡಿ, ಗಲ್ಲ ಸ್ವಲ್ಪ ಎತ್ತಿ, ಗಿರಾಕಿಗಳಿಗೆ ಹೇಳಿಕೊಡುವ ಹಾಗೆಯೇ. ಎದುರಿಗೆ ಕ್ಯಾಮೆರಾ ಇತ್ತು, ಅದರ ಹಿಂದೆ ಖಾಲಿ ಗೋಡೆ. ತುಟಿಯ ಪಕ್ಕದ ಮಚ್ಚೆಯನ್ನು ಬೆರಳಿಂದ ಮುಟ್ಟಿಕೊಂಡಳು. ದೀಪದ ಬಿಸಿ ಮುಖಕ್ಕೆ ಹಿತವಾಗಿ ಬಡಿಯುತ್ತಿತ್ತು. ಇನ್ನೂ ಸ್ವಲ್ಪ ಹೊತ್ತು ಹಾಗೇ ಕೂರುತ್ತಿದ್ದಳೇನೋ, ಬಾಗಿಲು ತಳ್ಳಿಕೊಂಡು ಕಾಲೇಜಿನ ಹುಡುಗಿಯೊಬ್ಬಳು ಬಂದಳು, ಕರ್ಚೀಫಿನಿಂದ ಅರ್ಧ ಮುಖ ಮುಚ್ಚಿಕೊಂಡು.

"ಅಕ್ಕಾ, ಫೋಟೋ ತೆಗೀತೀರಾ?"

ಅವಳು ಸ್ಟೂಲು ಬಿಟ್ಟು ಎದ್ದಳು.

"ಬಾ, ಕೂತ್ಕೋ," ಅಂದಳು. "ಯಾವುದಕ್ಕೆ?"