ಮೆಜಿಯಾನನ ಕೊಕ್ಕೆಗಳು

ಮೆಜಿಯಾನ್ ಸತ್ತ ನಲವತ್ತನೇ ದಿನದ ಊಟಕ್ಕೆ ಬಂದ ಅಗೂನಿ ಊರಿನ ಗಂಡಸರಿಗೆಲ್ಲ ಅವನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿಬಿಟ್ಟಿತು. ಬದುಕಿದ್ದಾಗ, "ಒಂದು ಮರದ ಮರಿಗೆಗೆ ಇಷ್ಟೊಂದು ಕೇಳ್ತೀಯಾ? ಸಂತೇಲಿ ಪ್ಲಾಸ್ಟಿಕ್ ಬೇಸಿನ್ನು ಬಂದಿದೆಯಪ್ಪಾ" ಅಂತ ಮೂಗು ಮುರಿದವರೇ ಈಗ ಅವನ ಅಂಗಳದಲ್ಲಿ ಚಕ್ಕಂಬಕ್ಕಳ ಹಾಕಿ ಕೂತಿದ್ದರು. ಆರಾರು ಜನಕ್ಕೆ ಒಂದೊಂದು ಮರಿಗೆ. ರಾಶಿ ಹಾಕಿದ ಗೋಧಿ ರವೆಯ ಕೂಸ್ಕೂಸಿಗೆ ಚಮಚ ಇಳಿಸುತ್ತಾ, ಮಧ್ಯೆ ಮಧ್ಯೆ ಮರಿಗೆಯ ಅಂಚು ಸವರುತ್ತಾ, "ಎಂಥಾ ಕೈ! ಎಂಥಾ ಕೈ!" ಅಂತ ತಲೆದೂಗುತ್ತಿದ್ದರು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು.

ಮೆಜಿಯಾನನ ಹೆಂಡತಿ ಶಾಭಾ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಐವತ್ತೆಂಟರ ಹೆಂಗಸು, ತೋಳು ಮಾತ್ರ ಕಲ್ಲು ಒಡೆಯುವವನದು. ಯಾರ ಕೈ ಅಂತ ಗೊತ್ತಾದರೆ ತಿಂದಿದ್ದೆಲ್ಲ ಇಲ್ಲೇ ಕಕ್ಕಿಕೊಳ್ಳುತ್ತಾರೆ, ದರಿದ್ರದವರು, ಅಂದುಕೊಂಡಳು.

ಮರಿಗೆ ಕಡೆಯುವುದು ಅಂದರೆ ಇವರು ಏನಂದುಕೊಂಡಿದ್ದರೋ. ಅಕ್ರೋಟು ಮರದ ದಿಮ್ಮಿ ಆರಿಸಿ, ನಡುವೆ ಸೀಳಿ, ತಿರುಳು ತೆಗೆದುಹಾಕಬೇಕು. ಬೆರಳಗಲ ತಿರುಳು ಉಳಿದರೂ ಮೊದಲ ಬಿಸಿ ಸಾರಿಗೇ ಮರಿಗೆ ಬಾಯಿ ಬಿಡುತ್ತದೆ. ಹಸಿ ಇರುವಾಗಲೇ ಒರಟಾಗಿ ಕಡೆದು, ಎರಡು ಚಳಿಗಾಲ ಹೊಟ್ಟಿನ ರಾಶಿಯಲ್ಲಿ ಹೂತಿಟ್ಟು, ಆಮೇಲೆ ಎರಡನೇ ಸಲ ಕಡೆಯಬೇಕು. ತಿರುಗಣಿ ಅಂದರೆ ಎರಡು ಕಂಬ, ನಡುವೆ ಒಂದು ಅಚ್ಚು, ಅಚ್ಚಿಗೆ ಸುತ್ತಿದ ತೊಗಲಿನ ಹಗ್ಗ. ಒಬ್ಬರು ಮಜ್ಜಿಗೆ ಕಡೆದ ಹಾಗೆ ಹಗ್ಗದ ಎರಡೂ ತುದಿ ಹಿಡಿದು ಅತ್ತಿತ್ತ ಎಳೆಯಬೇಕು. ಇನ್ನೊಬ್ಬರು ಉದ್ದ ಹಿಡಿಯ ಕಬ್ಬಿಣದ ಕೊಕ್ಕೆ ಹಿಡಿದು, ಮರ ತಮ್ಮ ಕಡೆ ತಿರುಗಿದಾಗ ಕೆತ್ತಬೇಕು, ವಾಪಸು ತಿರುಗುವಾಗ ಕೈ ಹಿಂದೆ ತೆಗೆಯಬೇಕು. ಒಂದು ಎಳೆತ ತಪ್ಪಿದರೂ ಕೊಕ್ಕೆ ಕಚ್ಚಿಕೊಂಡು ಎರಡು ವರ್ಷದ ಮರಿಗೆ ಎರಡು ಹೋಳು.

ಇಪ್ಪತ್ತೈದು ವರ್ಷ ಆ ಹಗ್ಗ ಎಳೆದವಳು ಶಾಭಾ. ಕೊಕ್ಕೆ ಹಿಡಿದವನ ಹೆಸರು ಬೆಟ್ಟದ ಏಳು ಊರಿಗೂ ಗೊತ್ತಾಯಿತು, ಹಗ್ಗ ಹಿಡಿದವಳ ಹೆಸರು ಯಾರಿಗೂ ಬೇಕಾಗಲಿಲ್ಲ. ಆಮೇಲೆ ಮೆಜಿಯಾನನ ಕೈ ನಡುಗುವುದಕ್ಕೆ ಶುರುವಾಯಿತು. ಒಂದೇ ಚಳಿಗಾಲದಲ್ಲಿ ಮೂರು ಮರಿಗೆ ಸೀಳಿದ. ನಾಲ್ಕನೆಯದು ಸೀಳಿದ ದಿನ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟ.

"ಏಳ್ರೀ," ಅಂದಿದ್ದಳು ಶಾಭಾ. "ನೀವು ಹಗ್ಗ ಹಿಡೀರಿ, ಕೊಕ್ಕೆ ನಂಗೆ ಕೊಡಿ. ಇಪ್ಪತ್ತೈದು ವರ್ಷ ನೋಡಿದೀನಿ, ನಂಗೇನು ಕಣ್ಣಿಲ್ವಾ?"

ಅವನು ಎದ್ದು ಕೂತು, "ಯಾವ ಕೈಲಿ ಹಿಡೀತೀಯೇ?" ಅಂದ.

ಅಲ್ಲೇ ಇತ್ತು ಪಜೀತಿ. ಶಾಭಾ ಎಡಚಿ. ಚಿಕ್ಕವಳಿದ್ದಾಗ ಅವಳ ಅಮ್ಮ ಊಟದ ಹೊತ್ತಿಗೆ ಎಡಗೈಗೆ ಬಟ್ಟೆ ಸುತ್ತಿ ಕಟ್ಟುತ್ತಿದ್ದಳು. ಹಾಗಾಗಿ ತಿನ್ನುವುದಕ್ಕೆ ಬಲಗೈ ಬಂತು, ಆದರೆ ಬಲ ಮಾತ್ರ ಎಡಗೈಯಲ್ಲೇ ಉಳಿಯಿತು. ಎಡಗೈಯಲ್ಲಿ ಮಾಡಿದ ಪಾತ್ರೆ ಅಂದರೆ ಅಗೂನಿಯವರು ಉಗುಳುತ್ತಾರೆ, ಅದರಲ್ಲೂ ಹೆಂಗಸಿನ ಎಡಗೈ! ಊರಿನ ಕಮ್ಮಾರನ ಬಾಯಿ ತೂತುಬಿದ್ದ ಮಡಕೆ. ಮೆಜಿಯಾನ್ ಎರಡು ಬೆಟ್ಟ ದಾಟಿ ಹೋಗಿ, ಹಳೇ ಕೊಕ್ಕೆಗಳನ್ನು ಕೊಟ್ಟು, ಬಾಯಿ ಎಡಕ್ಕೆ ಬಾಗಿದ ಐದು ಹೊಸ ಕೊಕ್ಕೆ ಮಾಡಿಸಿಕೊಂಡು ಬಂದ.

"ಯಾರಿಗೆ ಅಂತ ಕೇಳ್ಲಿಲ್ವಾ ಅವನು?"

"ಕೇಳ್ದ. ನನ್ನ ಮಗ ಎಡಚ ಅಂದೆ."

ಅವರಿಗೆ ಮಕ್ಕಳಿರಲಿಲ್ಲ.

ಅಂದಿನಿಂದ ಹನ್ನೊಂದು ವರ್ಷ, ಬಾಗಿಲು ಹಾಕಿಕೊಂಡು, ಅವನು ಎಳೆದ, ಅವಳು ಕಡೆದಳು. ಎರಡು ಸಲ ಅವನು "ಹೇಳಿಬಿಡೋಣ ಕಣೇ, ನಂಗೆ ನಾಚಿಕೆ ಆಗುತ್ತೆ" ಅಂದಿದ್ದ. "ಯಾರಿಗೆ ಹೇಳ್ತೀರಿ, ಈ ಕುರಿಗಳಿಗಾ? ತೆಪ್ಪಗಿರಿ" ಅಂತ ಶಾಭಾಳೇ ಬಾಯಿ ಮುಚ್ಚಿಸಿದ್ದಳು.

ಊಟ ಮುಗಿಯಿತು. ಊರ ಯಜಮಾನ ಸ್ಲಿಮಾನ್ ಹೊಟ್ಟೆ ಸವರಿಕೊಂಡು ಎದ್ದು ನಿಂತ. "ಎಲ್ಲಾರೂ ಕೇಳಿ. ಮೆಜಿಯಾನಣ್ಣ ನಮ್ಮೂರಿನ ಕಿರೀಟ. ಅವರ ತಿರುಗಣಿ, ಕೊಕ್ಕೆ ಎಲ್ಲಾ ಸಭಾಮನೆಗೆ ಒಯ್ದು ಗಾಜಿನ ಹಿಂದೆ ಇಡೋದು ಅಂತ ಊರ ಸಭೆ ತೀರ್ಮಾನ ಮಾಡಿದೆ. ಪಿಕಪ್ಪು ಬಂದು ನಿಂತಿದೆ."

ಸಭೆ ತೀರ್ಮಾನ ಮಾಡಿತಂತೆ! ಮನೆಯವಳನ್ನು ಒಂದು ಮಾತು ಕೇಳುವುದಿಲ್ಲವೇ? ಹೊಟ್ಟಿನ ರಾಶಿಯಲ್ಲಿ ಇನ್ನೂ ಒಂಬತ್ತು ಮರಿಗೆ ಎರಡನೇ ಕಡೆತಕ್ಕೆ ಕಾದಿದ್ದವು. ತಿರುಗಣಿ ಹೋದರೆ ಅವು ಸೌದೆ, ಶಾಭಾ ಅಣ್ಣನ ಮನೆ ಮೂಲೆಯಲ್ಲಿ ಅತ್ತಿಗೆಯ ಪಾತ್ರೆ ತೊಳೆಯುವವಳು. ಅವಳು ಅಂಗಳಕ್ಕೆ ಇಳಿದಳು.

"ಯಜಮಾನರೇ, ಅದು ನಂಗೆ ಬೇಕು."

"ನಿಂಗ್ಯಾಕಮ್ಮಾ ಅದು? ಬಟ್ಟೆ ಒಣಗಿ ಹಾಕೋಕಾ?"

ಗಂಡಸರು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಬುಸಾದ್. ಇವನು ಮೆಜಿಯಾನನ "ಶಿಷ್ಯ". ಹದಿನೈದು ವರ್ಷದ ಕೆಳಗೆ ಮೂರೇ ದಿನ ಬಂದಿದ್ದ. ಮೂರನೇ ದಿನ ಮಧ್ಯಾಹ್ನ ಸೊಂಟ ಹಿಡಿಯಿತು ಅಂತ ಹಗ್ಗ ಬಿಸಾಡಿ ಹೋದವನು ಮತ್ತೆ ಇತ್ತ ತಲೆ ಹಾಕಲಿಲ್ಲ. ಈಗ ರಸ್ತೆ ಬದಿ ಅಂಗಡಿ ಇಟ್ಟು, ಮಿಷನ್ನಿನಲ್ಲಿ ಕಡೆದ, ಸಿಗರೇಟಿನ ಬೂದಿ ಬಟ್ಟಲು ಮಾರುತ್ತಾನೆ. ಆ ಬೂದಿ ಬಟ್ಟಲೂ ನೆಟ್ಟಗೆ ಕೂರುವುದಿಲ್ಲ.

"ಗುರುಗಳ ಕೈಗುಣ ನನ್ನಲ್ಲಿ ಉಳಿದಿದೆ," ಅಂದ ಬುಸಾದ್, ಒಣಗಿದ ಕಣ್ಣು ಒರೆಸಿಕೊಂಡು. "ಒಯ್ಯೋ ಮುಂಚೆ ಅವರ ತಿರುಗಣಿ ಮೇಲೆ ಒಂದು ಸಲ ಕಡೆದು ತೋರಿಸ್ತೀನಿ. ಇದೇ ನನ್ನ ಶ್ರದ್ಧಾಂಜಲಿ."

ಎಲ್ಲರೂ ತಿರುಗಣಿ ಇದ್ದ ಕೊಟ್ಟಿಗೆಗೆ ನುಗ್ಗಿದರು. ಹೆಂಗಸರು ಬಾಗಿಲ ಬಳಿ ನಿಂತರು. ತಿರುಗಣಿಯ ಮೇಲೆ ಎರಡನೇ ಕಡೆತ ಅರ್ಧಕ್ಕೆ ನಿಂತ ದೊಡ್ಡ ಮರಿಗೆ ಹಾಗೇ ಇತ್ತು. ಅದರ ಹಗ್ಗ ಎಳೆಯುತ್ತಿದ್ದಾಗಲೇ ಮೆಜಿಯಾನ್ ಎದೆ ಹಿಡಿದುಕೊಂಡು ಕುಸಿದದ್ದು. ನಲವತ್ತು ದಿನದಿಂದ ಶಾಭಾ ಅದನ್ನು ಮುಟ್ಟಿರಲಿಲ್ಲ, ಧೂಳು ಕೂರದ ಹಾಗೆ ಬಟ್ಟೆ ಮಾತ್ರ ಹೊದಿಸುತ್ತಿದ್ದಳು.

ಇಬ್ಬರು ದಾಂಡಿಗರು ಹಗ್ಗ ಹಿಡಿದರು. ಬುಸಾದ್ ತೋಳು ಮಡಚಿ, ಗೋಡೆಗೆ ನೇತುಹಾಕಿದ್ದ ಐದು ಕೊಕ್ಕೆಗಳಲ್ಲಿ ಒಂದನ್ನು ಬಲಗೈಯಲ್ಲಿ ಹಿಡಿದು ಮರಕ್ಕೆ ತಾಗಿಸಿದ. ಕೊಕ್ಕೆ ಗಬಕ್ಕನೆ ಕಚ್ಚಿಕೊಂಡು, ಕಂಬ ಅದುರಿ, ಮರಿಗೆಯ ಒಳಗೆ ಬೆರಳುದ್ದ ಗಾಯ ಮಾಡಿತು.

"ಮೊಂಡು ಕೊಕ್ಕೆ," ಅಂದ ಬುಸಾದ್. ಇನ್ನೊಂದು ತೆಗೆದ. ಹಿಡಿ ತಿರುವಿ ನೋಡಿದ, ಮಗ್ಗುಲು ಬದಲಿಸಿದ, ಬೆವರಿದ. "ಯಾವನೋ ಕಮ್ಮಾರ ಉಲ್ಟಾ ಬಡಿದಿದಾನೆ ಇದನ್ನ."

ಸ್ಲಿಮಾನನ ತಾಯಿ ಯಮ್ಮಾ ಜೊಹ್ರಾಗೆ ಎಂಬತ್ತು ದಾಟಿತ್ತು. ಊರಿನಲ್ಲಿ ಯಾರ ಮುಲಾಜೂ ಇಲ್ಲದ ಮುದುಕಿ. ಬಾಗಿಲಿಂದಲೇ ಕೇಳಿದಳು: "ಐದಕ್ಕೆ ಐದೂ ಉಲ್ಟಾನೇನೋ?"

ಬುಸಾದ್ ಮೂರನೇ ಕೊಕ್ಕೆ ಎತ್ತಿದ.

"ನಿಲ್ಸೋ!" ಶಾಭಾ ಕಿರುಚಿದಳು. "ಕೈ ತೆಗಿ ಅದರ ಮೇಲಿಂದ! ಶಿಷ್ಯನಂತೆ ಶಿಷ್ಯ! ಬೂದಿ ಬಟ್ಟಲು ಮಾಡೋಕೆ ಬರದ ಮುಖ! ಹನ್ನೊಂದು ವರ್ಷದಿಂದ ಇಲ್ಲೇ ನೇತಾಡ್ತಿರೋ ಕೊಕ್ಕೆ ಯಾವ ಕೈದು ಅಂತ ಗೊತ್ತಿಲ್ಲ ನಿಂಗೆ?"

ಕೊಕ್ಕೆ ಕಿತ್ತುಕೊಂಡು ಎಡಗೈಯಲ್ಲಿ ಹಿಡಿದು, ತನ್ನ ಜಾಗದಲ್ಲಿ ನಿಂತಳು. ದಾಂಡಿಗರತ್ತ ನೋಡಿ, "ಎಳೀರಿ" ಅಂದಳು.

ಅವರು ಹಗ್ಗ ಕೆಳಗೆ ಹಾಕಿದರು. "ಹೆಂಗಸಿಗೋಸ್ಕರ ನಾವು ಹಗ್ಗ ಎಳೆಯೋದಾ?" ಅಂದ ಒಬ್ಬ.

ಒಬ್ಬನೂ ಮುಂದೆ ಬರಲಿಲ್ಲ. ಹೊಟ್ಟೆ ತುಂಬ ತಿಂದ ನಲವತ್ತು ಗಂಡಸರು ನೆಲ ನೋಡುತ್ತಾ ನಿಂತರು. ಆಗ ಯಮ್ಮಾ ಜೊಹ್ರಾ ಕೋಲು ಗೋಡೆಗೆ ಒರಗಿಸಿ, ಮಗನನ್ನು ಮೊಣಕೈಯಲ್ಲಿ ತಳ್ಳಿ, ಹಗ್ಗ ಎತ್ತಿಕೊಂಡಳು. "ಹೇಗೆ ಎಳೀಬೇಕೇ? ಮಜ್ಜಿಗೆ ಹಾಗೇ ತಾನೆ?"

"ಅಷ್ಟೇ ಯಮ್ಮಾ. ನಿಧಾನಕ್ಕೆ."

ಮುದುಕಿ ಎಳೆದಳು. ಮರ ತಿರುಗಿತು. ಎಡಗೈಯ ಕೊಕ್ಕೆ ಮರಿಗೆಯೊಳಗೆ ಇಳಿದು, ಬುಸಾದ್ ಮಾಡಿದ ಗಾಯದ ಮೇಲೆ ಹಾದು, ಅಂಗೈಯಗಲದ ಸುರುಳಿ ಸುರುಳಿ ಸಿಪ್ಪೆಯನ್ನು ಯಜಮಾನನ ಕಾಲ ಬುಡಕ್ಕೆ ಬೀಳಿಸಿತು. ನಾಲ್ಕು ಎಳೆತಕ್ಕೆ ಗಾಯ ಮಾಯವಾಯಿತು.

ಸ್ಲಿಮಾನನ ಮುಖ ಬಿಳುಚಿತು. "ಹಾಗಾದ್ರೆ... ಈಗ ನಾವು ತಿಂದಿದ್ದು?"

"ಅದೂ ನಾನು ಕಡೆದಿದ್ದೇ. ನಿನ್ನ ಮಗಳ ಮದುವೇದೂ ನಾನು ಕಡೆದಿದ್ದೇ. ಹನ್ನೊಂದು ವರ್ಷ ನನ್ನ ಎಡಗೈ ಮೇಲೆ ಉಂಡಿದೀರಿ. ಯಾರಿಗಾದ್ರೂ ಹೊಟ್ಟೆ ನೋವು ಬಂತಾ?"

"ಮತ್ತೆ ಮೆಜಿಯಾನ್ ಏನು ಮಾಡ್ತಿದ್ದ?"

"ಹಗ್ಗ ಎಳೀತಿದ್ರು."

ಬುಸಾದ್ ಕಿಸಕ್ಕನೆ ನಕ್ಕ. "ಹೆಂಡ್ತಿಗೆ!"

"ಹೂಂ, ಹೆಂಡ್ತಿಗೆ. ನಗು. ಮೂರು ದಿನ ಎಳೀಲಾರದೆ ಓಡಿದವನು ನೀನು. ಅವರು ಹನ್ನೊಂದು ವರ್ಷ ಎಳೆದ್ರು, ಒಂದು ಎಳೆತ ತಪ್ಪಲಿಲ್ಲ. ನಿಮ್ಮಲ್ಲಿ ಗಂಡಸು ಅಂತ ಇದ್ದಿದ್ದು ಅವರೊಬ್ಬರೇ, ಅವರೂ ಸತ್ರು."

ಒಬ್ಬ ಹೊರಗೆ ಹೋಗಿ ಬಾಯಿ ಮುಕ್ಕಳಿಸಿದ. ಅವನ ಹಿಂದೆ ಇನ್ನೊಬ್ಬ, ಆಮೇಲೆ ಸಾಲಾಗಿ. ಸ್ಲಿಮಾನ್ ಜಾರುವ ಪೇಟ ಸರಿಮಾಡಿಕೊಂಡು, "ಇಂಥಾ ದರಿದ್ರ ಸಭಾಮನೆಗೆ ಬೇಡ. ಪಿಕಪ್ಪು ಖಾಲಿ ಹೋಗ್ಲಿ" ಅಂದ. ಪಿಕಪ್ಪು ಖಾಲಿ ಹೋಯಿತು. ಅಷ್ಟು ಹೊತ್ತು ಕಿರೀಟವಾಗಿದ್ದ ತಿರುಗಣಿ ಹೀಗೆ ಶಾಭಾಳ ಪಾಲಿಗೆ ಉಳಿಯಿತು.

ಯಮ್ಮಾ ಜೊಹ್ರಾ ಏದುಸಿರು ಬಿಡುತ್ತಾ ಹಗ್ಗದ ಪಕ್ಕ ಕೂತಿದ್ದಳು. "ತೋಳು ಬಿದ್ದೇ ಹೋಯ್ತಲ್ಲೇ. ದಿನಾ ಎಳೀತಿದ್ನಾ ಅವನು?"

"ದಿನಾ."

"ಆ ನಡುಗೋ ಕೈಲಿ?"

"ಹಗ್ಗ ಹಿಡಿದಾಗ ನಡುಗ್ತಿರಲಿಲ್ಲ ಯಮ್ಮಾ," ಅಂದಳು ಶಾಭಾ. ಹೇಳುತ್ತಿದ್ದ ಹಾಗೇ ಅಳು ಒತ್ತರಿಸಿಕೊಂಡು ಬಂತು. ನಲವತ್ತು ದಿನ ಇವರ ಮುಂದೆ ಅಳಬಾರದು ಅಂತ ಹಲ್ಲು ಕಚ್ಚಿದ್ದವಳು, ಸಿಪ್ಪೆಯ ರಾಶಿ ಮೇಲೆ ಕೂತು ಗೊಳೋ ಅಂತ ಅತ್ತಳು.

ಮುದುಕಿ ಅವಳನ್ನು ಅಳುವುದಕ್ಕೆ ಬಿಟ್ಟಳು. ಆಮೇಲೆ ಹಗ್ಗದ ಎರಡೂ ತುದಿ ಮತ್ತೆ ಕೈಗೆ ಸುತ್ತಿಕೊಂಡಳು.

"ಸಾಕು, ಏಳು. ಕೊಕ್ಕೆ ಹಿಡಿ," ಅಂದಳು. "ಇದೊಂದು ಮುಗಿಸೋವರೆಗೆ ನಾನು ಸಾಯಲ್ಲ."