ಪುಂಡಿಯ ಹೆಸರಿನಲ್ಲಿ ನೀರು ಕುಡಿದವಳು

ನಾನು ಒಂದು ಗಾಂಜಾ ಗಿಡ. ಹೆಸರು ಹೇಳಿಕೊಳ್ಳುವಾಗಲೇ ತಲೆ ತಗ್ಗುತ್ತದೆ. ಮಾವಿನ ಮರವೋ ಮಲ್ಲಿಗೆ ಬಳ್ಳಿಯೋ ಆಗಿದ್ದರೆ ನನ್ನ ಕಥೆಯನ್ನು ಎದೆಯುಬ್ಬಿಸಿ ಹೇಳಬಹುದಿತ್ತು. ಈಗ ಹೇಳುತ್ತಿರುವುದು ಪೊಲೀಸ್ ಠಾಣೆಯ ಕೋಣೆಯೊಂದರ ಮೂಲೆಯಿಂದ, ಅರಗಿನ ಮುದ್ರೆ ಒತ್ತಿದ ಬಿಳಿ ಬಟ್ಟೆಯ ಒಳಗಿಂದ. ಆದರೂ ನನ್ನ ನಾಚಿಕೆ ಹುಟ್ಟಿನದಲ್ಲ. ಹುಟ್ಟು ಯಾರ ಕೈಯಲ್ಲಿದೆ? ನೀರೆರೆದ ಮನುಷ್ಯನಿಗೆ ನಾನು ಏನು ಮಾಡಿದೆ ಎನ್ನುವುದೇ ನನ್ನ ನಾಚಿಕೆ.

ನಾನು ಮೊಳೆತದ್ದು ಹಿರೇಮುಗಳಿ ಠಾಣೆಯ ಹಿತ್ತಿಲಲ್ಲಿ. ವಿಜಯಪುರದ ಕಡೆಯ ಸಣ್ಣ ಊರು, ಸಣ್ಣ ಠಾಣೆ. ಹಿಡಿದು ತಂದ ಮಾಲನ್ನು ಕೋರ್ಟಿನ ತೀರ್ಪು ಬರುವವರೆಗೆ ಇಡುವ ಕೋಣೆಗೆ ಅಲ್ಲಿ ಮುದ್ದೆಮಾಲು ಕೋಣೆ ಎನ್ನುತ್ತಾರೆ. ಮುಂಗಾರಿನ ಮೊದಲ ವಾರ ಹಳೆಯ ಗಾಂಜಾ ಚೀಲಗಳನ್ನು ಸುಡಲು ಹೊರಗೆ ಸಾಗಿಸಿದರು. ಒಂದು ಚೀಲದ ಮೂಲೆಯನ್ನು ಇಲಿ ಕಡಿದಿತ್ತು. ಅಲ್ಲಿಂದ ಉದುರಿದ ಬೀಜ ನಾನು. ಕಸಬರಿಗೆಯ ಜೊತೆ ಹಿತ್ತಿಲಿಗೆ ಬಂದು ಹಸಿ ಮಣ್ಣು ಸೇರಿದೆ. ನನ್ನ ಬಳಗವೆಲ್ಲ ಅಂದೇ ಹೊಗೆಯಾಯಿತು.

ಅದೇ ಮಣ್ಣಿನಲ್ಲಿ ಹಿಂದಿನ ದಿನವಷ್ಟೇ ರಾಚಪ್ಪ ದಫೇದಾರರು ಪುಂಡಿ ಎಂಬ ಹುಳಿಸೊಪ್ಪಿನ ಬೀಜ ಹಾಕಿದ್ದರು. ಪುಂಡಿಪಲ್ಯ ಇಲ್ಲದೆ ಅವರಿಗೆ ರೊಟ್ಟಿ ಗಂಟಲಲ್ಲಿ ಇಳಿಯದು. ಮುದ್ದೆಮಾಲು ಕೋಣೆಯ ಕೀಲಿ ಸದಾ ಅವರ ಸೊಂಟದಲ್ಲಿ. ಮೂವತ್ನಾಲ್ಕು ವರ್ಷದ ನೌಕರಿಯಲ್ಲಿ ಒಂದೇ ಒಂದು ಮೆಮೊ ಬಂದಿರಲಿಲ್ಲ. ಡಿಸೆಂಬರ್ ಕೊನೆಗೆ ನಿವೃತ್ತಿ. ಸಂಜೆ ಹಿಂದಿನ ಕ್ವಾರ್ಟರ್ಸಿನಿಂದ ಹೆಂಡತಿ ನಿಂಬೆವ್ವ ಮಜ್ಜಿಗೆ ತಂದಾಗಲೆಲ್ಲ ಅದೇ ಮಾತು.

"ಎಂಥೆಂಥಾವ್ರು ಮೆಮೊ ತಿಂದು ಹ್ವಾದ್ರು. ನನ್ನ ಸರ್ವಿಸ್ ಬುಕ್ಕಿನಾಗ ಒಂದ ಕೆಂಪ ಗೆರಿ ಇಲ್ಲ ನೋಡ್."

"ಇನ್ನಾ ಆರ ತಿಂಗಳೈತ್ರಿ. ಈಗ ಯಾಕ ಹೇಳ್ತೀರಿ, ದೃಷ್ಟಿ ಆದೀತು," ಎನ್ನುತ್ತಿದ್ದರು ಆಕೆ.

ಪುಂಡಿಯ ಜೊತೆಗೇ ನಾನೂ ಎದ್ದೆ. ಪುಂಡಿಯ ಎಲೆ ಬೆರಳು ಚಾಚಿದ ಕೈಯಂತೆ, ಅಂಚು ಗರಗಸ. ನನ್ನದೂ ಹೆಚ್ಚು ಕಡಿಮೆ ಹಾಗೆಯೇ. ದಫೇದಾರರು ಆಯುಷ್ಯವೆಲ್ಲ ಗಾಂಜಾ ಕಾದವರು. ಆದರೆ ಅವರು ಕಂಡದ್ದು ಒಣಗಿ ಪುಡಿಯಾದದ್ದು, ಚೀಲ ಸೇರಿದ್ದು. ಹಸಿರಾಗಿ ನೆಲದ ಮೇಲೆ ನಿಂತದ್ದನ್ನು ಕಂಡಿರಲಿಲ್ಲ. ಸಾಲಿನಲ್ಲಿ ಎಲ್ಲರಿಗಿಂತ ಎತ್ತರ ಬೆಳೆದ ನನ್ನನ್ನು ನೋಡಿ ಅವರು ಹಿಗ್ಗಿಹೋದರು.

"ಇದು ಬೀಜಕ್ಕ ಇರ್ಲಿ. ಒಂದ ಎಲಿನೂ ಹರೀಬ್ಯಾಡ," ಎಂದು ನಿಂಬೆವ್ವನಿಗೆ ತಾಕೀತು ಮಾಡಿದರು. ನಿವೃತ್ತಿಯ ಮೇಲೆ ಊರ ಹೊರಗಿನ ತುಂಡು ಜಾಗದಲ್ಲಿ ಇದೇ ತಳಿಯ ಪುಂಡಿ ಹಾಕಬೇಕು ಎಂಬ ಆಸೆ ಅವರದು.

ನಿಂಬೆವ್ವ ಒಂದು ಎಲೆ ಕಿತ್ತು ಬಾಯಿಗೆ ಹಾಕಿದ್ದರೆ ಹುಳಿಯಿಲ್ಲದ್ದು ತಿಳಿದು, ಅಂದೇ ನನ್ನನ್ನು ಕಿತ್ತು ಎಸೆಯುತ್ತಿದ್ದರು. ಪುಂಡಿಗಳೆಲ್ಲ ವಾರಕ್ಕೊಮ್ಮೆ ಬೋಳಾಗಿ ಅವರ ಸಾರು ಪಲ್ಯಗಳಿಗೆ ಒದಗಿದವು. ನಾನು ಒಬ್ಬಳೇ ಏನೂ ಕೊಡದೆ, ಇನ್ನೊಬ್ಬರ ಹೆಸರಿನಲ್ಲಿ ನೀರು ಕುಡಿಯುತ್ತ ನಿಂತೆ. ಸುಖವಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಇಲ್ಲಿ ನನ್ನ ಒಳಗುಟ್ಟೊಂದನ್ನು ಹೇಳಬೇಕು. ನಮಗೆ ಹೂ ಬಿಡು ಎಂದು ಹೇಳುವುದು ಮಳೆಯಲ್ಲ, ಗೊಬ್ಬರವಲ್ಲ, ಕತ್ತಲೆ. ಮುಂಗಾರಿನಲ್ಲಿ ಹಗಲು ಉದ್ದ, ರಾತ್ರಿ ಗಿಡ್ಡ. ಆಗ ಬರೀ ಎಲೆ, ಬರೀ ಟೊಂಗೆ. ಮಹಾನವಮಿಯ ಹೊತ್ತಿಗೆ ಹಗಲು ರಾತ್ರಿ ಸಮಕ್ಕೆ ಬಂದು, ಆಮೇಲೆ ರಾತ್ರಿಯೇ ಉದ್ದವಾಗುತ್ತದೆ. ನಮ್ಮ ಮೈ ಆ ಕತ್ತಲೆಯನ್ನು ಗಂಟೆ ಗಂಟೆಯಾಗಿ ಎಣಿಸುತ್ತದೆ. ನಡುವೆ ಬೆಳಕು ಬಿದ್ದರೆ ಎಣಿಕೆ ಕೆಡುತ್ತದೆ. ನನ್ನ ತಲೆಯ ಮೇಲೆಯೇ, ಮುದ್ದೆಮಾಲು ಕೋಣೆಯ ಕಿಟಕಿಗೆ ಕಾವಲಾಗಿ, ದೊಡ್ಡ ಲೈಟು ಮುಸ್ಸಂಜೆಯಿಂದ ಬೆಳಗಿನವರೆಗೆ ಉರಿಯುತ್ತಿತ್ತು. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರೆ. ಆ ದೀಪದ ಬುಡದಲ್ಲಿ ನನಗೆ ಕತ್ತಲೆಯೇ ಸಿಗಲಿಲ್ಲ. ಮಹಾನವಮಿ ದಾಟಿದರೂ ನಾನು ಎಲೆಯಾಗಿಯೇ ಉಳಿದೆ. ನನ್ನನ್ನು ಬಚ್ಚಿಟ್ಟದ್ದು ಆ ಲೈಟು.

"ಬನ್ನಿ ಮುಡದು ವಾರಾತು, ಇದಕ್ಕಿನ್ನಾ ಒಂದ ಮೊಗ್ಗಿಲ್ಲ," ಎಂದು ದಫೇದಾರರು ಒಂದು ಸಂಜೆ ಪೇಚಾಡಿದರು.

ನಿಂಬೆವ್ವ ಹೊಲದ ಮನೆಯ ಮಗಳು. ನಕ್ಕುಬಿಟ್ಟರು. "ರೋಡ್ ಲೈಟಿನ ಕೆಳಗಿನ ಜ್ವಾಳ ತೆನಿ ಹಾಕ್ತದೇನ್ರಿ? ಗಿಡಕ್ಕೂ ರಾತ್ರಿ ಬೇಕು. ನಿದ್ದಿನ ಇಲ್ಲದ್ದು ಹೂ ಎಲ್ಲಿಂದ ಬಿಡಬೇಕು?"

"ಆ ಲೈಟ್ ಆರ್ಸಂಗಿಲ್ಲ. ಆರ್ಡರ್ ಐತಿ."

ಎರಡು ದಿನ ಅವರು ನನ್ನನ್ನೂ ಲೈಟನ್ನೂ ಮತ್ತೆ ಮತ್ತೆ ನೋಡಿದರು. ಮೂರನೆಯ ಸಂಜೆ ಆಚೀಚೆ ಕಣ್ಣಾಡಿಸಿ ಸ್ವಿಚ್ ಆರಿಸಿದರು. ನನ್ನ ಬುಡಕ್ಕೆ ಒಂದು ತಂಬಿಗೆ ನೀರು ಸುರಿದು, "ಮಲ್ಕೋ ನನ್ನವ್ವಾ. ಒಂದ್ ತಿಂಗಳ ಚಂದಗೆ ನಿದ್ದಿ ಮಾಡು," ಎಂದರು. ಮೂವತ್ನಾಲ್ಕು ವರ್ಷದಲ್ಲಿ ಅವರು ಮುರಿದ ಮೊದಲ ಆರ್ಡರ್ ಅದು. ಮುರಿದದ್ದು ನನಗಾಗಿ.

ಬೇಡ ಎನ್ನಲು ನನಗೆ ಬಾಯಿಲ್ಲ. ಡಿಸೆಂಬರ್ ಕಳೆಯುವವರೆಗಾದರೂ ಹೂ ಬಿಡಬಾರದು ಎಂದು ಬಿಗಿಹಿಡಿದು ನೋಡಿದೆ. ಮೈ ಕೇಳಲಿಲ್ಲ. ಕತ್ತಲೆಯನ್ನು ಎಣಿಸಿಯೇ ಎಣಿಸಿತು. ಎರಡು ವಾರಕ್ಕೆ ಗಿಣ್ಣುಗಳಲ್ಲಿ ಬಿಳಿ ಕೂದಲೆಳೆಗಳು ಹಣಿಕಿದವು. ತಿಂಗಳು ತುಂಬುವುದರೊಳಗೆ ಟೊಂಗೆಗಳ ತುದಿಯೆಲ್ಲ ಅಂಟಂಟು ಗೊಂಚಲು. ಪಕ್ಕದ ಪುಂಡಿಗಳು ಹಳದಿ ಹೂ ಅರಳಿಸಿ ಮರ್ಯಾದೆಯಿಂದ ನಿಂತಿದ್ದರೆ, ನಾನು ಹಿತ್ತಿಲೆಲ್ಲ ನಾರುತ್ತಿದ್ದೆ.

ದಫೇದಾರರಿಗೆ ಆ ವಾಸನೆ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಕಷ್ಟವಾಯಿತು. "ಒಳಗ ಯಾವುದೋ ಚೀಲ ಹರದೈತಿ," ಎಂದು ಗಾಬರಿಯಾಗಿ ದಿನಕ್ಕೆ ಎರಡು ಸಲ ಕೋಣೆ ತೆರೆದು ಮುದ್ರೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರು. ಎಲ್ಲ ಸರಿಯಿರುತ್ತಿತ್ತು. ಬೆವರು ಒರೆಸಿಕೊಂಡು ಹೊರಗೆ ಬಂದು ನನ್ನ ಪಕ್ಕದಲ್ಲೇ ಕೂರುತ್ತಿದ್ದರು. ಆ ಮುಖ ನೋಡುವಾಗ ಬೇರು ಸಹಿತ ಒಣಗಿಹೋಗಬಾರದೇ ಅನ್ನಿಸುತ್ತಿತ್ತು.

ನವೆಂಬರ್ ಕೊನೆಯಲ್ಲಿ ಡಿವೈಎಸ್‌ಪಿ ಸಾಹೇಬರು ವರ್ಷದ ಇನ್‌ಸ್ಪೆಕ್ಷನ್‌ಗೆ ಬಂದರು. ಮೈಸೂರು ಕಡೆಯವರು. ಕೋಣೆ ನೋಡಿ, "ಅಚ್ಚುಕಟ್ಟಾಗಿಟ್ಟಿದ್ದೀರಿ," ಎಂದರು. ದಫೇದಾರರ ಎದೆ ಉಬ್ಬಿತು. ಕಿಟಕಿಯ ಕಡೆ ತಿರುಗಿದ ಸಾಹೇಬರ ಮೂಗು ಅರಳಿತು. ನೇರ ಹಿತ್ತಿಲಿಗೆ ನಡೆದು ಬಂದು ನನ್ನ ಮುಂದೆ ನಿಂತರು.

"ಏನ್ರೀ ಇದು?"

"ಪುಂಡಿ ಐತ್ರಿ ಸರ್. ಬೀಜಕ್ಕ ಬಿಟ್ಟೇನ್ರಿ."

ಹಿಂದೆ ನಿಂತ ಪೇದೆಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಾಹೇಬರು ನಗಲಿಲ್ಲ. ತಲೆಯೆತ್ತಿ ಲೈಟು ನೋಡಿದರು. ಡ್ಯೂಟಿಯಲ್ಲಿದ್ದವರನ್ನು ವಿಚಾರಿಸಿದಾಗ ಅದು ತಿಂಗಳಿಂದ ಹತ್ತಿಲ್ಲ ಎಂದು ಗೊತ್ತಾಯಿತು.

"ಲೈಟ್ ಯಾಕೆ ಆರಿಸಿದ್ರಿ ದಫೇದಾರ್ರೆ? ಹೂ ಬಿಡಲಿ ಅಂತಲೇ?"

ಇಲ್ಲ ಎಂದಿದ್ದರೆ, ಬಲ್ಬ್ ಕೆಟ್ಟಿತ್ತು ಎಂದಿದ್ದರೆ, ಅರ್ಧ ಪಾರಾಗುತ್ತಿದ್ದರು. 'ಇಲ್ಲ ಎನ್ನಿ' ಎಂದು ನಾನು ಒಳಗೇ ಕೂಗಿದೆ. ಆದರೆ ಅವರು ಸುಳ್ಳು ಹೇಳಿ ರೂಢಿಯಿದ್ದವರಲ್ಲ.

"ಹೌದ್ರಿ ಸರ್. ಹೂ ಬಿಡ್ಲಿ ಅಂತನ ಆರಿಸೀನ್ರಿ."

ಸಾಹೇಬರು ನನ್ನ ಒಂದು ಗೊಂಚಲನ್ನು ಹಿಸುಕಿ ದಫೇದಾರರ ಮೂಗಿನ ಹತ್ತಿರ ಹಿಡಿದರು. ದಫೇದಾರರು ಮೂಸಿದರು. ನನ್ನನ್ನು ನೋಡಿದರು. ನಿಧಾನವಾಗಿ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಉಂಡ ಮನೆಗೆ ಎರಡು ಬಗೆದವರನ್ನು ಜನ ಬೈಯುತ್ತಾರಲ್ಲ, ಅಂಥವಳಾಗಿ ನಾನು ಅವರ ಎದುರು ನಿಂತಿದ್ದೆ.

ಅವರು ಬೇಕೆಂದೇ ಬೆಳೆಸಿಲ್ಲ ಎಂಬುದು ಸಾಹೇಬರಿಗೂ ತಿಳಿಯಿತು. ಸುದ್ದಿ ಕೇಳಿ ಓಡಿಬಂದ ನಿಂಬೆವ್ವ ಅಳುತ್ತ, "ಲೈಟ್ ಆರ್ಸಂತ ಹೇಳಿದಾಕಿ ನಾನ್ರೀ ಸಾಹೇಬ್ರ," ಎಂದದ್ದನ್ನೂ ಕೇಳಿಸಿಕೊಂಡರು. ಕೇಸು ಅವರ ಮೇಲೆ ಬೀಳಲಿಲ್ಲ. ಆದರೆ ಮೆಮೊ ಬಂತು. ನಿರ್ಲಕ್ಷ್ಯ ಒಂದು, ಆದೇಶ ಮೀರಿ ಲೈಟು ಆರಿಸಿದ್ದು ಇನ್ನೊಂದು. ಸರ್ವಿಸ್ ಬುಕ್ಕಿನ ಕೊನೆಯ ಪುಟದಲ್ಲಿ ಕೆಂಪು ಗೆರೆ ಬಿತ್ತು.

ಪಂಚನಾಮೆ ಮಾಡಿ ನನ್ನನ್ನು ಕಿತ್ತರು. ಬಟ್ಟೆ ಸುತ್ತಿ ಅರಗು ಹಾಕುವ ಕೆಲಸ ಕೋಣೆಯ ಕೀಲಿ ಇದ್ದವರದೇ. ದಫೇದಾರರು ಸುತ್ತುವ ಮೊದಲು ಒಂದು ಗೊಂಚಲನ್ನು ಅಂಗೈಯಲ್ಲಿ ಉಜ್ಜಿ ಬೆಳಕಿಗೆ ಹಿಡಿದರು. "ಒಂದ ಬೀಜಾನೂ ಕಟ್ಟಿಲ್ಲಲ್ಲ ನನ್ನವ್ವಾ," ಎಂದರು ಮೆಲ್ಲಗೆ. ಹತ್ತಿರದಲ್ಲಿ ಗಂಡು ಗಿಡವಿಲ್ಲದೆ ನನಗೆ ಬೀಜ ಎಲ್ಲಿಯದು? ಅವರು ನನ್ನಿಂದ ಕೇಳಿದ್ದು ಅದೊಂದೇ.

ಡಿಸೆಂಬರ್ ಮೂವತ್ತೊಂದಕ್ಕೆ ಅವರು ಕೋಣೆಯನ್ನು ಹೊಸ ದಫೇದಾರರಿಗೆ ಒಪ್ಪಿಸಿದರು. ಪಟ್ಟಿ ಓದುತ್ತ ನನ್ನ ಹತ್ತಿರ ಬಂದಾಗ ಹೊಸಬರು ನಗೆಯಾಡಿದರು. "ಇದ ಏನ್ರೀ ಆ ಪುಂಡಿ?"

ರಾಚಪ್ಪನವರು ಬಟ್ಟೆಯ ಮೇಲಿನ ಧೂಳನ್ನು ಕೈಯಿಂದ ಒರೆಸಿದರು. "ಅದರದೇನ ತಪ್ಪೈತ್ರಿ? ಕತ್ತಲಾತು, ಹೂ ಬಿಡ್ತು. ಗುರ್ತು ಹಿಡೀಲಾರದಾಂವ ನಾನು," ಎಂದರು. ಆಮೇಲೆ ಸೊಂಟದ ಕೀಲಿ ಬಿಚ್ಚಿ ಕೊಟ್ಟರು.

ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ.

ಈಗ ಹಿಂದಿನ ಲೈಟನ್ನು ಯಾರೂ ಆರಿಸುವುದಿಲ್ಲ. ಮುಸ್ಸಂಜೆಗೆ ಹತ್ತಿಕೊಂಡು ಬೆಳಗಿನವರೆಗೆ ಉರಿಯುತ್ತದೆ. ಕಿಟಕಿಯ ಸಂದಿಯಿಂದ ಒಂದು ಎಳೆ ಬೆಳಕು ಒಳಗೆ ಬಂದು, ನನಗೆ ಕಟ್ಟಿದ ಚೀಟಿಯ ಮೇಲೆ ಬೀಳುತ್ತದೆ. ಚೀಟಿಯಲ್ಲಿ ಮೊದಲು 'ಪುಂಡಿ' ಎಂದು ಬರೆದು, ಹೊಡೆದು ಹಾಕಿ, ಅದರ ಪಕ್ಕದಲ್ಲಿ ನನ್ನ ನಿಜವಾದ ಹೆಸರು ಬರೆದಿದೆ. ಎರಡೂ ಅವರದೇ ಅಕ್ಷರ.